ತಾಂಬೂಲದ ತಟ್ಟೆ

ಬೆಂಗಳೂರು
೧೪ ಮಾರ್ಚ್ ೧೯೫೫

ಚಿ|| ಗಿರಿಜಾಂಬೆಗೆ ನಿನ್ನ ಅಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ನ್ಯೂಯಾರ್ಕಿನ ಚಳಿಗೆ ಉಣ್ಣೆಯ ಕೋಟು ಕೊಂಡೆಯೋ ಇಲ್ಲವೋ ತಿಳಿಸು.

ವಿಶ್ವಸಂಸ್ಥೆಯ ಮಹಿಳಾ ಸಭೆಗೆ ನಮ್ಮ ದೇಶದ ಪರವಾಗಿ ನೀನು ಹೋದ ಸುದ್ದಿ ಫೋಟೋ ಸಮೇತ ಪೇಪರಿನಲ್ಲಿ ಬಂತಲ್ಲ, ನಿಮ್ಮಪ್ಪ ಅದಕ್ಕೆ ಕಟ್ಟು ಹಾಕಿಸಿ ಚಿಕ್ಕಪೇಟೆಯ ಅಂಗಡಿಯಲ್ಲಿ ತೂಗುಹಾಕಿದರು. ರೇಷ್ಮೆ ಸೀರೆಗೆ ಬಂದವರಿಗೆಲ್ಲ ಮೊದಲು ನಿನ್ನ ದರ್ಶನ. ಅದನ್ನು ನೋಡಿಯೇ ದಾವಣಗೆರೆಯ ಸಿದ್ದಬಸಪ್ಪನವರು ತಮ್ಮ ಮಗನಿಗೆ ನಮ್ಮ ಮನೆಯ ಹೆಣ್ಣು ಕೇಳಿದ್ದು. ನಿನ್ನನ್ನಲ್ಲ, ನಿನ್ನ ತಂಗಿ ಮಹಾನಂದಳನ್ನು. ಅವಳಿಗಿನ್ನೂ ಹದಿಮೂರು. "ಹದಿನಾರು ಅಂತ ಹೇಳಿದ್ರಾಯ್ತು" ಎಂದರು ನಿಮ್ಮಪ್ಪ.

ಹುಡುಗಿಯ ಒಪ್ಪಿಗೆಯಿಲ್ಲದೆ ಮದುವೆ ಕೂಡದೆಂದು ದೊಡ್ಡವಳು ಅಲ್ಲಿ ಹೇಳುವವಳಿದ್ದಾಳೆ, ಇಲ್ಲಿ ಚಿಕ್ಕವಳನ್ನು ಒಂದು ಮಾತು ಕೇಳಬೇಡವೇ ಎಂದೆ. "ಅದು ಅಮೆರಿಕದಲ್ಲಿ ಕಣೇ, ಚಾಮರಾಜಪೇಟೇಲಲ್ಲ" ಎಂದರು. ಮಹಾನಂದ ಅನ್ನ ಬಿಟ್ಟಳು. ಯಾರಾದರೂ ಎತ್ತಿ ಬೇರೆಯವರಿಗೆ ಕೊಟ್ಟುಬಿಟ್ಟಾರೆಂದು ಸ್ಕೂಲಿನ ಚೀಲವನ್ನು ಒರಳುಕಲ್ಲಿನ ಹಿಂದೆ ಬಚ್ಚಿಟ್ಟಿದ್ದಳು.

ಮೊನ್ನೆ ನಿಶ್ಚಿತಾರ್ಥ. ತಾಂಬೂಲದ ತಟ್ಟೆಯನ್ನು ಹೆಣ್ಣಿನ ತಾಯಿ ಒಳಗಿನಿಂದ ತಂದು ಬೀಗರ ಕೈಗಿತ್ತರೆ ಮಾತು ಮುಗಿದಂತೆ. ಆಮೇಲೆ ಹಿಂತೆಗೆಯುವ ಹಾಗಿಲ್ಲ. ತಟ್ಟೆ ಹಿಡಿದು ಹೊಸ್ತಿಲವರೆಗೆ ಬಂದೆ. ಸಿದ್ದಬಸಪ್ಪನವರು ನಿನ್ನನ್ನೇ ಹೊಗಳುತ್ತಿದ್ದರು. ಅಲ್ಲೇ ನಿಂತುಬಿಟ್ಟೆ.

"ದೊಡ್ಡವಳು ಅಲ್ಲಿ ಏನು ಮಾತಾಡೋಕೆ ಹೋಗಿದಾಳೆ, ಗೊತ್ತಾ ಸ್ವಾಮಿ?" ಎಂದೆ. ಹೆಂಗಸರ ಉದ್ಧಾರವೋ ಏನೋ ಎಂದು ಗೊಣಗಿದರು. "ಹುಡುಗೀನ ಕೇಳಿ ಮದುವೆ ಮಾಡಿ ಅನ್ನೋಕೆ. ಈಗ ಇವಳನ್ನ ಕೇಳಿ" ಎಂದೆ. "ತಟ್ಟೆ ಕೊಡೇ!" ಎಂದು ನಿಮ್ಮಪ್ಪ ಗದರಿದರು. ನಾನು ತಟ್ಟೆಯನ್ನು ಎದೆಗೆ ಒತ್ತಿ ಹಿಡಿದುಕೊಂಡೆ. ಕೊನೆಗೆ ಸಿದ್ದಬಸಪ್ಪನವರೇ ಮಹಾನಂದಳ ಕಡೆ ತಿರುಗಿ ನಗುತ್ತಾ, "ಏನಮ್ಮಾ, ಒಪ್ಪಿಗೆ ತಾನೆ?" ಎಂದರು. ತಲೆ ತಗ್ಗಿಸಿ ಸುಮ್ಮನಿದ್ದರೆ ಹೂಂ ಎಂದೇ ಅರ್ಥ, ನಿನಗೂ ಗೊತ್ತು. ಮಹಾನಂದ ತಲೆ ಎತ್ತಿದಳು. "ನಂಗೆ ಬೇಡ. ನಾನು ಸ್ಕೂಲಿಗೆ ಹೋಗ್ತೀನಿ" ಎಂದಳು.

ತಟ್ಟೆಯನ್ನು ಹಾಗೆಯೇ ಒಳಗೆ ತೆಗೆದುಕೊಂಡು ಹೋಗಿ ದೇವರ ಮುಂದಿಟ್ಟೆ. ಆಮೇಲಿನದನ್ನೆಲ್ಲ ಯಾಕೆ ಬರೆಯಲಿ? ಮನೆ ಎಂದಮೇಲೆ ಒಂದು ಮಾತು ಬರುತ್ತದೆ, ಹೋಗುತ್ತದೆ.

ನಿನ್ನ ಜೊತೆಯ ಹಿರಿಯರೊಬ್ಬರು, ಒಪ್ಪಿಗೆಯ ವಿಷಯ ಎತ್ತಿದರೆ ದೇಶದ ಮಾನ ಹೋಗುತ್ತದೆ ಎನ್ನುತ್ತಿದ್ದಾರೆ, ಭಾಷಣದ ಆ ಭಾಗ ಬಿಟ್ಟುಬಿಡಲೇ ಎಂದು ಕಾಗದದಲ್ಲಿ ಕೇಳಿದ್ದೀಯಲ್ಲ. ಬಿಟ್ಟೀಯೆ, ಜೋಕೆ! ನಿನ್ನ ತಂಗಿ ಅಷ್ಟು ಜನರೆದುರು ಹೇಳಿದ್ದಾಳೆ. ನಿನಗೇನು ಧಾಡಿ?

ಇತಿ ನಿನ್ನ ಅಮ್ಮ,
ಶೈಲಜಮ್ಮ

ಮರೆತ ಮಾತು: ಇನ್ನು ಮುಂದೆ ಚಾಮರಾಜಪೇಟೆಯ ಮನೆಗೆ ಬರೆಯಬೇಡ. ಬಸವನಗುಡಿಯಲ್ಲಿರುವ ನನ್ನ ಗೆಳತಿ ಸುಂದರಮ್ಮನವರ ಮನೆಗೆ ಬರೆ. ಅವರ ಹಿತ್ತಿಲ ಕೋಣೆಯಲ್ಲಿ ನಾವಿಬ್ಬರೂ ಇದ್ದೇವೆ. ಮಹಾನಂದ ಪಕ್ಕದಲ್ಲೇ ಕೂತು ಲೆಕ್ಕ ಬಿಡಿಸುತ್ತಿದ್ದಾಳೆ. ನಿನ್ನ ಫೋಟೋವನ್ನು ಅಂಗಡಿಯಿಂದ ಇಳಿಸಿಬಿಟ್ಟರಂತೆ. ಕೇಳಿ ತರಿಸಿಕೊಳ್ಳುತ್ತೇನೆ, ಇಲ್ಲಿ ಗೋಡೆ ಖಾಲಿ ಇದೆ.