ಬೆಳೆಯದ ಗಡ್ಡೆ

ಎಣ್ಮಕಜೆ
೧೬-೧೧-೨೦೨೪

ಹರಿನಾರಾಯಣರಿಗೆ ದಮಯಂತಿಯ ನಮಸ್ಕಾರ.

ಗಂಡನ ಹೆಸರನ್ನು ಹೀಗೆ ಬರೆಯುವುದೇ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಾದರೆ ನೀವು ಎರಡು ಸಲ ಹೂಂ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನಾದರೂ ಪೂರ್ತಿ ಓದುತ್ತೀರೆಂದು ನಂಬಿದ್ದೇನೆ.

ಮೊನ್ನೆ ಮಂಗಳೂರಿನಿಂದ ಬರುವಾಗ ನಾನೊಂದು ಸುಳ್ಳು ಹೇಳಿದೆ. ಡಾಕ್ಟರು ಎಂತ ಹೇಳಿದರು ಅಂತ ನೀವು ಬಸ್ಸಿನಲ್ಲಿ ಕೇಳಿದಿರಿ. ಬರುವ ವರ್ಷವೂ ಎಂ.ಆರ್.ಐ. ಮಾಡಿಸಲಿಕ್ಕುಂಟಂತೆ ಅಂದೆ. ಹಾಗೇನೂ ಇಲ್ಲ. ನನ್ನ ತೊಡೆಯೆಲುಬಿನೊಳಗಿನ ಮೃದು ಎಲುಬಿನ ಗಡ್ಡೆ ಆರು ವರ್ಷದಿಂದ ಮೂರು ಸೆಂಟಿಮೀಟರಿಗೇ ನಿಂತಿದೆ. ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಕ್ಯಾನ್ಸರಿನ ಲಕ್ಷಣ ಕಾಣುವುದಿಲ್ಲ, ಇನ್ನು ನೋವು ಬಂದರೆ ಮಾತ್ರ ಬನ್ನಿ ಎಂದರು. ಕೆಟ್ಟ ಸುದ್ದಿ ಕೇಳುವ ಧೈರ್ಯವಿಲ್ಲದೆ ಹೊರಗೆ ಬೆಂಚಿನಲ್ಲೇ ಕೂರುವ ನಿಮಗೆ ಇದು ತಿಳಿಯುವಂತಿರಲಿಲ್ಲ.

ಒಳ್ಳೆಯ ಸುದ್ದಿಯನ್ನು ಯಾಕೆ ಮುಚ್ಚಿಟ್ಟೆ ಎಂದರೆ, ದೇಲಂಪಾಡಿಯ ಮನೆಯಿಂದ ನೀವು ನನಗಾಗಿ ಬರುವುದು ವರ್ಷಕ್ಕೆ ಅದೊಂದೇ ದಿನ. ಅತ್ತೆಗೂ ನನಗೂ ಸರಿಬಾರದೆ ನಾನು ಕಲಿಸುವ ಶಾಲೆಯ ಹತ್ತಿರ ಬಾಡಿಗೆಮನೆ ಹಿಡಿದು ಏಳು ವರ್ಷವಾಯಿತು. ನಾವು ಕೋರ್ಟಿಗೂ ಹೋಗಲಿಲ್ಲ, ಒಂದು ಮನೆಗೂ ಬರಲಿಲ್ಲ. ಅತ್ತೆ ತೀರಿಕೊಂಡ ಮೇಲೂ ನೀವು ಕರೆಯಲಿಲ್ಲ, ನಾನು ಕೇಳಲಿಲ್ಲ. ಹಟದಲ್ಲಿ ಮಾತ್ರ ನಮ್ಮ ಜಾತಕ ಚೆನ್ನಾಗಿ ಕೂಡಿಬಂದಿದೆ.

ಸ್ಕ್ಯಾನಿನ ಕೋಣೆಗೆ ಲೋಹ ಒಯ್ಯಬಾರದಲ್ಲ, ಕರಿಮಣಿ ತೆಗೆದು ನಿಮ್ಮ ಕೈಗೆ ಕೊಡುತ್ತೇನೆ. ನೀವು ಅದನ್ನು ಜೇಬಿಗೆ ಹಾಕದೆ ಮುಕ್ಕಾಲು ಗಂಟೆ ಮುಷ್ಟಿಯಲ್ಲೇ ಹಿಡಿದಿರುತ್ತೀರಿ. ತಿರುಗಿ ಕೊರಳಿಗೆ ಹಾಕಿಕೊಳ್ಳುವಾಗ ಅದು ಬೆಚ್ಚಗಿರುತ್ತದೆ. ಆ ಬಿಸಿ ನಮ್ಮ ಬಸ್ಸು ಕುಂಬಳೆ ತಲುಪುವವರೆಗೂ ಆರುವುದಿಲ್ಲ ಎಂದರೆ ನಗಬೇಡಿ. ನಿಮ್ಮನ್ನು ನೋಡಬೇಕು ಎಂದು ನನಗೆ ದಿನಾ ಅನಿಸುತ್ತದೆ. ಸಂಜೆ ಶಾಲೆಯಿಂದ ಬಂದು ಬೀಗ ತೆಗೆಯುವಾಗ ಹೆಚ್ಚು.

ಇನ್ನು ಕಾಯಿಲೆಯ ನೆಪ ಇಲ್ಲ. ಮನಸ್ಸಿದ್ದರೆ ಸುಮ್ಮನೆ ಬನ್ನಿ, ಅಥವಾ ನನ್ನನ್ನು ಬಾ ಎನ್ನಿ. ಎರಡೂ ಆಗದಿದ್ದರೆ ನಿಮ್ಮ ಕ್ಯಾಲೆಂಡರಿನಲ್ಲಿ ಮುಂದಿನ ನವೆಂಬರಿಗೆ ಗುರುತು ಹಾಕಬೇಡಿ.

ಇಂದಿಗೂ ನಿಮ್ಮವಳೇ ಆದ
ದಮಯಂತಿ

ಬಿಟ್ಟುಹೋದ ಮಾತು: ಇನ್ನು ಸ್ಕ್ಯಾನ್ ಬೇಡ ಎಂದು ಡಾಕ್ಟರು ಮೊದಲು ಹೇಳಿದ್ದು ಹೋದ ವರ್ಷವೇ. ಈ ಸಲದ್ದನ್ನು ನಾನೇ ಹಟ ಹಿಡಿದು ಬರೆಸಿಕೊಂಡೆ. ಇಷ್ಟು ಎಂತ ಹೆದರಿಕೆ ನಿಮಗೆ ಅಂತ ಅವರು ಕೇಳಿದರು. ಗಡ್ಡೆಯದ್ದಲ್ಲ, ನೀವು ಬರುವುದು ನಿಂತುಹೋದೀತೆಂಬ ಹೆದರಿಕೆ ಎನ್ನಲು ನಾಚಿಕೆಯಾಯಿತು.