ಹೊಸ ಗೆಣಸು ಅಗೆಯುವವರೆಗೆ

ಮಾರ್ಚ್ 6, 1934

ಬೆಳಿಗ್ಗೆ ಎಂಟು ಪೆನ್ಸಿಲ್ ಕೆತ್ತಿಟ್ಟೆ. ನಮ್ಮ ದ್ವೀಪದ ಆಚಾರ ಬರೆದುಕೊಳ್ಳಲು ಬಂದ ಪೆಲ್ಲಮ್ ದೊರೆಗೆ ಚಹಾ. ಆಮೇಲೆ ದಿನದಂತೆ ಪ್ರಶ್ನೆಗಳು. ದೋಣಿಗೆ ಮಂತ್ರ ಯಾಕೆ, ಬೆಳೆದದ್ದನ್ನು ತಂಗಿಯ ಗಂಡನಿಗೆ ಯಾಕೆ ಹೊತ್ತು ಹಾಕುತ್ತೀರಿ... ಮುದುಕರು ಹೇಳುತ್ತಾರೆ, ನಾನು ಇಂಗ್ಲಿಷಿಗೆ ತಿರುಗಿಸುತ್ತೇನೆ. ಮಿಷನ್ ಶಾಲೆಯಲ್ಲಿ ಕಲಿತದ್ದು ಇದಕ್ಕಾದರೂ ಬಂತು.

ದೊರೆ ಸಿಡ್ನಿಯಿಂದ ಒಂದು ಸಿದ್ಧಾಂತ ತಂದಿದ್ದಾರೆ. ಸಮಾಜ ಅಂದರೆ ಒಂದು ಮೈ. ಕೈಗೆ, ಕಾಲಿಗೆ, ಗುಂಡಿಗೆಗೆ ಇರುವ ಹಾಗೆ ಒಂದೊಂದು ಆಚಾರಕ್ಕೂ ಒಂದು ಕೆಲಸ. ಹಿಂದಿನ ಪಂಡಿತರು, ಇವರ ಆಚಾರವೆಲ್ಲ ಎಲ್ಲಿಂದಲೋ ತೇಲಿ ಬಂದದ್ದು, ಇಲ್ಲವೇ ಹಳೇ ಕಾಲದ ಕಸ ಅನ್ನುತ್ತಿದ್ದರಂತೆ.

"ಕಸ ಅನ್ನೋದೇ ಇಲ್ಲ ಕಣೋ ಗುಮಾಯ. ಎಲ್ಲಕ್ಕೂ ಕೆಲಸ ಇದೆ."

ನಮ್ಮನ್ನು ಕಸ ಅನ್ನದ ಮೊದಲ ಬಿಳಿಯ. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ.

ಅವರು ಕೊಟ್ಟ ಎರಡು ನೋಟ್‌ಬುಕ್ಕಿನಲ್ಲಿ ಒಂದು ಅವರಿಗಾಗಿ. ಇದು ನನಗೆ.

ತಂಗಿ ಇಸೆನಾಯಿ ಒಳಗೆ ಕೂತು ಇವತ್ತಿಗೆ ಹನ್ನೆರಡು ದಿನ. ಭಾವ ತಬೆಯಾ ಜ್ವರದಲ್ಲಿ ಹೋದ. ಗಂಡ ಸತ್ತವಳು ಅವನ ಮನೆಯೊಳಗೆ ಕಟ್ಟಿದ ಗೂಡಿನಲ್ಲಿ, ಮೈಗೆಲ್ಲ ಮಸಿ ಬಳಿದುಕೊಂಡು, ಅವನ ಕುಲದವರು ಬಿಡುವವರೆಗೆ ಕೂರಬೇಕು. ಅಳು ಕಡಿಮೆಯಾದರೆ ಇವಳೇ ಮಾಟ ಮಾಡಿ ಕೊಂದಳು ಅನ್ನುತ್ತಾರೆ. ಬೆಳಕಿಲ್ಲ, ಗಾಳಿಯಿಲ್ಲ. ಅವಳಿಗೆ ಮೊದಲೇ ಎದೆ ಸರಿಯಿಲ್ಲ.

ಮಾರ್ಚ್ 23

ಕೆಮ್ಮು ಹೊರಗೂ ಕೇಳಿಸುತ್ತಿದೆ. ಹಿಂದಿನ ಗೋಡೆಗೆ ಬಾಯಿಟ್ಟು ಕರೆದೆ.

"ಅಣ್ಣಾ, ಬಂದ್ಯಾ? ಅಡಿಕೆ ತಂದ್ಯಾ?"

"ನಿಂಗೆ ಕೊಡಬಾರ್ದು ಈಗ."

"ಹಾಗಾದ್ರೆ ಯಾಕೆ ಬಂದೆ, ಮುಖ ತೋರ್ಸೋಕಾ? ಅದೂ ಕಾಣಲ್ಲ ಇಲ್ಲಿ."

ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಬಹಳ ಹೊತ್ತು ನಿಲ್ಲಲಿಲ್ಲ.

ಏಪ್ರಿಲ್ 2

ಭಾವನ ಸೋದರಮಾವ ಕೈಮೊಲಾ ಅಜ್ಜನ ಬಳಿಗೆ ಹೋದೆ. ಹಂದಿ ಒಯ್ದೆ. ನಮ್ಮ ಹೆಂಗಸರು ಸಾವಿನ ಋಣ ತೀರಿಸುವ ಬಾಳೆಯೆಲೆಯ ಕಟ್ಟುಗಳನ್ನು ಹೊತ್ತು ಬಂದರು. ಅಜ್ಜ ಸುಣ್ಣದ ಕಡ್ಡಿ ನೆಕ್ಕಿ ಪಕ್ಕಕ್ಕಿಟ್ಟ.

"ಕರ್ಕೊಂಡ್ಹೋಗಪ್ಪಾ. ಹುಡುಗಿ ಚೆನ್ನಾಗೇ ಅತ್ಲು. ನಮ್ಮವ್ವನ್ನ ಇಪ್ಪತ್ತು ದಿನಕ್ಕೇ ಬಿಟ್ಟಿದ್ರು. ನಾಳೆ ಮೈ ತೊಳಸ್ತೀವಿ."

ಕಾಲಿಗೆ ಬೀಳುವುದೊಂದು ಬಾಕಿ. ಮನೆಗೆ ಬಂದು ಅವಳಿಗೆ ಚಾಪೆ ಹಾಸಿಟ್ಟೆ.

ಏಪ್ರಿಲ್ 3

ನನ್ನ ನಾಲಿಗೆ ಬಿದ್ದುಹೋಗಬಾರದಿತ್ತೇ.

ಹೆಂಗಸರು ನೀರು ತುಂಬಿಟ್ಟಿದ್ದರು. ದೊರೆ ಕ್ಯಾಮೆರಾ ಹಿಡಿದು ಬಂದರು. ಏನೆಂದು ಕೇಳಿದರು, ಹೇಳಿದೆ. ಹುಬ್ಬು ಗಂಟಿಕ್ಕಿ ಹೋದ ವರ್ಷದ ನೋಟ್‌ಬುಕ್ ತೆಗೆದು, "ಕೇಳು ಅವರನ್ನ. ಹೊಸ ಗೆಣಸು ಅಗೆಯೋವರೆಗೂ ವಿಧವೆ ಹೊರಗೆ ಬರೋ ಹಾಗಿಲ್ಲ ಅಂತ ಇಲ್ಲಿದೆ. ಈಗ ಯಾಕೆ ಬಿಡ್ತಿದಾರೆ?"

ನಾನು ತಿರುಗಿಸಲಿಲ್ಲ. ಗುಂಪಿನಲ್ಲಿ ಮಿಷನ್ ಶಾಲೆಯಲ್ಲಿ ಓದಿದ ಇನ್ನೊಬ್ಬ ಹುಡುಗ ನಿಂತಿದ್ದ, ಅವನು ತಿರುಗಿಸಿದ.

ಎಲ್ಲರ ಮುಖ ಇಳಿಯಿತು. ಭಾವನ ಅಕ್ಕ ಸಿಡಿದಳು: "ಬೇರೆಯವ್ರಿಗೆಲ್ಲ ಗೆಣಸಿನವರೆಗೆ, ನಮ್ಮ ತಮ್ಮನಿಗೆ ಮಾತ್ರ ನಲವತ್ತು ದಿನವಾ? ಅಷ್ಟು ಅಗ್ಗನಾ ಅವನು?" ಅಜ್ಜ ನೆಲ ನೋಡಿದ. ಪುಸ್ತಕದಲ್ಲಿ ಬರೆದದ್ದಕ್ಕಿಂತ ಕಡಿಮೆ ಅತ್ತ ಕುಲ ಅನ್ನಿಸಿಕೊಳ್ಳಲು ಯಾರಿಗೆ ಬೇಕು? ನೀರು ಚೆಲ್ಲಿದರು.

ಹೋದ ವರ್ಷ ದೊರೆಗೆ ಆ ಗೆಣಸಿನ ಮಾತು ಹೇಳಿದವನು ನಾನು. ಎಷ್ಟು ದಿನ, ಎಷ್ಟು ದಿನ ಅಂತ ದೊರೆ ತಲೆ ತಿನ್ನುತ್ತಿದ್ದರು. ಹೆಂಗಸರ ಮನಸ್ಸು ಕರಗುವವರೆಗೆ ಅಂದರೆ ಮುಖ ಸಿಂಡರಿಸಿ ಬರೆಯುತ್ತಲೇ ಇರಲಿಲ್ಲ. ಒಂದು ದಿನ ಬೇಸತ್ತು ಹೊಸ ಗೆಣಸಿನವರೆಗೆ ಅಂದೆ. ಬರೆದುಕೊಂಡರು. ಹೊಗೆಸೊಪ್ಪು ಕೊಟ್ಟರು. ನನ್ನ ಗಂಟೇನು ಹೋಗುತ್ತದೆ ಅಂದುಕೊಂಡಿದ್ದೆ.

ಏಪ್ರಿಲ್ 4

ದೊರೆಯ ಮುಂದೆ ಒಪ್ಪಿಕೊಂಡೆ. ನಾನು ಕಟ್ಟಿ ಹೇಳಿದ್ದು, ಹೊಡೆದುಹಾಕಿ ಅಂದೆ. ನಕ್ಕರು.

"ತಂಗಿ ಅಂತ ಹೀಗಂತೀಯ. ನಂಗೆ ಅರ್ಥ ಆಗುತ್ತೆ. ಆದ್ರೆ ನೋಡು, ಎರಡು ಕುಲಗಳನ್ನ ಹಿಡಿದು ನಿಲ್ಲಿಸಿರೋದೇ ಈ ಆಚಾರ. ಒಂದು ಗೂಟ ಕಿತ್ತರೆ ಇಡೀ ಮನೆ ಬೀಳುತ್ತೆ."

"ಅವಳು ಸಾಯ್ತಾಳೆ ದೊರೆ. ನೀವೊಂದು ಮಾತು ಹೇಳಿ."

"ನಾನು ನೋಡೋಕೆ ಬಂದವನು. ಕೈ ಹಾಕೋ ಹಾಗಿಲ್ಲ."

ನಿನ್ನೆ ಹಾಕಿದ್ದು ಕಾಲೇ?

ಅಲ್ಲಿಂದ ಅಜ್ಜನ ಮನೆ. ನಾನು ಸುಳ್ಳು ಹೇಳಿದ್ದೆ ಅಂದೆ. ಅಜ್ಜ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. "ಆಗ ಹೇಳಿದ್ದೋ, ಈಗ ಹೇಳ್ತಿರೋದೋ?"

ಎದ್ದು ಬಂದೆ.

ಏಪ್ರಿಲ್ 21

ಕಫದಲ್ಲಿ ರಕ್ತ ಬಂತಂತೆ. ಗೋಡೆಯ ಸಂದಿಯಿಂದ ಅಡಿಕೆ ತೂರಿಸಿದೆ. ಆಚಾರ ಹಾಳಾಗಿ ಹೋಗಲಿ.

"ಅಣ್ಣಾ, ಗೆಣಸಿನ ಬಳ್ಳಿ ಹಣ್ಣಾಯ್ತಾ?"

"ಆಗ್ತಾ ಇದೆ."

ಹಸಿರಾಗಿಯೇ ಇದೆ. ದಿನಾ ಹೋಗಿ ನೋಡುತ್ತೇನೆ.

ಮೇ 9

ಇಸೆನಾಯಿ ಇಲ್ಲ.

ಜೂನ್ 14

ಇವತ್ತು ಹೊಸ ಗೆಣಸು ಅಗೆದರು. ಒಳ್ಳೆಯ ಬೆಳೆ. ಊರೆಲ್ಲ ಶಂಖ, ಕೂಗು. ನನ್ನ ಗೆಣಸನ್ನು ಯಾರ ಮನೆಗೆ ಹೊರಲಿ? ತೋಟದಲ್ಲೇ ಬಿಟ್ಟು ಬಂದೆ.

ಕೈಮೊಲಾನ ಕುಲಕ್ಕೆ ಈಗ ಎಲ್ಲಿಲ್ಲದ ಹೆಸರು. ಅಂಥ ದುಃಖ ಯಾರೂ ಹಿಡಿದಿರಲಿಲ್ಲವಂತೆ. ಪಕ್ಕದ ಊರಿನಲ್ಲಿ ಇನ್ನೊಬ್ಬಳನ್ನು ಕೂರಿಸಿದ್ದಾರೆ. ಎಲ್ಲಿಯವರೆಗೆ ಅಂದರೆ ಪುಟ್ಟ ಮಕ್ಕಳೂ ಹೇಳುತ್ತವೆ, ಮುಂದಿನ ವರ್ಷದ ಹೊಸ ಗೆಣಸಿನವರೆಗೆ. ನಾನು ಹುಟ್ಟಿಸಿದ ಆಚಾರ. ನಡೆಯುತ್ತಿದೆ ಚೆನ್ನಾಗಿ.

ಪೆಲ್ಲಮ್ ಮುಂದಿನ ಹಡಗಿಗೆ ಹೊರಟಿದ್ದಾನೆ. ಬೆಳಿಗ್ಗೆ ಕರೆದು ತನ್ನ ನೋಟ್‌ಬುಕ್ಕಿನ ಖಾಲಿ ಪುಟ ತೆಗೆದುಕೊಟ್ಟ. ದನಿಯೇನೋ ಮೆತ್ತಗಿತ್ತು. "ಕಷ್ಟ ಅಂತ ಗೊತ್ತು ಗುಮಾಯ. ಆದ್ರೂ ನಿಮ್ಮವರ ಬಾಯಿಂದಲೇ ಬರಬೇಕು. ಈ ಸಾವಿನಿಂದ ಎರಡು ಕುಲಕ್ಕೂ ಏನು ಕೆಲಸ ಆಯ್ತು, ನಿನ್ನ ಮಾತಲ್ಲೇ ಬರೆದುಕೊಡು. ಚೊಕ್ಕವಾಗಿ ಬರಿ."

ಚೊಕ್ಕವಾಗಿ ಬರೆಯುವುದರಲ್ಲಿ ನನ್ನನ್ನು ಬಿಟ್ಟರೆ ಯಾರಿದ್ದಾರೆ. ಪೆನ್ಸಿಲ್ ಕೆತ್ತಿಕೊಂಡೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅವನದರಲ್ಲಿ.

ನನ್ನ ತಂಗಿ ಇಸೆನಾಯಿ ಸತ್ತದ್ದರ ಕೆಲಸ ಏನೆಂದರೆ—