ಎಡಗಡೆ ಚಕ್ರದ ಕುಪ್ಪಳಿಕೆ

ಡ್ರೈವಿಂಗ್ ಶಾಲೆಯ ಮುಂಗೋಣೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಸೊಸೆಗೆ,

ಹೇಗಿದ್ದೀಯ ಪುಟ್ಟಾ? ಕೆಮ್ಮು ಬಿಟ್ಟಿತೇ? ಬಸ್ ಡಿಪೋದ ಕ್ಯಾಂಟೀನ್ ಊಟ ಬಾಯಿಗಿಡುವ ಹಾಗಿಲ್ಲ ಎಂದು ನನ್ನ ಮಗ ಹೇಳಿದ. ಅವನ ಮಾತನ್ನು ನಾನು ಅರ್ಧ ನಂಬುತ್ತೇನೆ, ಊಟದ ವಿಷಯದಲ್ಲಿ ಕಾಲುಭಾಗ. ಆದರೂ ಹೊತ್ತಿಗೆ ಸರಿಯಾಗಿ ತಿನ್ನು. ಹಸಿವಾದರೂ ನೀನು ಮಾತು ಕಡಿಮೆ ಮಾಡುತ್ತೀಯ, ಸಿಟ್ಟು ಬಂದರೂ ಕಡಿಮೆ ಮಾಡುತ್ತೀಯ. ಯಾವುದು ಯಾವುದೆಂದು ತಿಳಿಯಲು ನನಗೆ ಆರು ವರ್ಷ ಹಿಡಿಯಿತು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ನಿನ್ನ ಗಂಡ ತಾನೇ ಇಸ್ತ್ರಿ ಮಾಡುತ್ತೇನೆಂದು ಹೊರಟು ಎರಡು ಅಂಗಿ ಸುಟ್ಟಿದ್ದಾನೆ, ಎರಡನ್ನೂ ಬೆನ್ನಿನ ಒಂದೇ ಜಾಗದಲ್ಲಿ. ನೋಡಿದವರು ಅದೇ ಡಿಸೈನು ಅಂದುಕೊಳ್ಳುತ್ತಾರೆ ಎಂಬುದು ಅವನ ಸಮಾಧಾನ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ ಅತ್ತೆ, ಸರಿ ಅತ್ತೆ’ ಎನ್ನುತ್ತೀಯ, ನಾನು ಇಲ್ಲಿನ ಮಳೆ ಬಿಸಿಲು ವರದಿ ಮಾಡಿ ಇಟ್ಟುಬಿಡುತ್ತೇನೆ. ನಾಲ್ಕು ತಿಂಗಳಿಂದ ನಡೆದಿರುವುದು ಇಷ್ಟೇ. ಕಾಗದವಾದರೆ ನೀನು ನಡುವೆ ‘ಸರಿ ಅತ್ತೆ’ ಎನ್ನಲಾರೆ, ನಾನೂ ನಡುವೆ ಓಡಿಹೋಗಲಾರೆ.

ನಮ್ಮ ಶಾಲೆಯ ಬಿಳಿ ಕಾರಿನ ಸಮಾಚಾರ ಹೇಳಬೇಕು. ಅದಕ್ಕೆ ಮೊದಲು ಕ್ಷೌರದಂಗಡಿಯ ಪಕ್ಕದ ಏರಿನಲ್ಲಿ ಅವತ್ತು ನಡೆದದ್ದನ್ನು ಬರೆಯುತ್ತೇನೆ. ನಿನಗೆ ಗೊತ್ತಿರುವುದೇ, ಆದರೂ ನನ್ನ ಕೈಯಿಂದ ಒಮ್ಮೆ ಬರೆಯಬೇಕು. ಮೂವರು ಕಲಿಯುವವರು ಫುಟ್‌ಪಾತಿನಲ್ಲಿ ನಿಂತಿದ್ದರು. ಏರಿನಲ್ಲಿ ನಿಂತ ಗಾಡಿಯನ್ನು ಹಿಂದೆ ಜಾರದಂತೆ ಎಬ್ಬಿಸುವುದು ಹೇಗೆಂದು ನೀನು ತೋರಿಸುತ್ತಿದ್ದೆ. ರಸ್ತೆ ಒದ್ದೆಯಾಗಿತ್ತು. ಕ್ಲಚ್ ಬಿಟ್ಟೆ, ಮುಂದಿನ ಚಕ್ರ ದಡದಡ ಕುಪ್ಪಳಿಸಿತು, ಕಾರಿನ ಮೂಗೇ ಅಲುಗಿತು, ಆಮೇಲೆ ಟಣ್ ಎಂದು ಚಕ್ರ ತಿರುಗಿಸುವ ಶಾಫ್ಟ್ ಮುರಿಯಿತು. ಗಾಡಿ ಹಿಂದಕ್ಕೆ ಉರುಳಿತು. ನೀನು ಬ್ರೇಕನ್ನೂ ಹ್ಯಾಂಡ್‌ಬ್ರೇಕನ್ನೂ ಒಟ್ಟಿಗೆ ಹಿಡಿದು ನಿಲ್ಲಿಸಿದ್ದರಿಂದ ಕ್ಷೌರಿಕನ ಬೆಂಚಿನ ಕಾಲು ಮುರಿದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ನೀನು ಇಳಿದು ಬಂದು, ‘ಅತ್ತೆ, ಗಾಡೀಲೇ ಏನೋ ಇದೆ’ ಎಂದೆ. ನಾನು ಆ ಮೂವರ ಎದುರಿಗೇ, ‘ಗಾಡೀನ ಯಾಕೆ ದೂರ್ತೀಯ? ತನ್ನ ಕಾಲೇ ಹಿಡಿತದಲ್ಲಿಲ್ಲದವಳು ಬೇರೆಯವರಿಗೆ ಏನು ಕಲಿಸ್ತೀಯ?’ ಎಂದೆ. ನೀನು ಕೀಲಿ ನನ್ನ ಕೈಗಿಟ್ಟು ನಡೆದುಕೊಂಡು ಮನೆಗೆ ಹೋದೆ. ಆ ತಿಂಗಳು ಮುಗಿಯುವಷ್ಟರಲ್ಲಿ ಡಿಪೋದ ತರಬೇತಿ ಕೆಲಸಕ್ಕೆ ಹೊರಟೂ ಬಿಟ್ಟೆ. ಮೆಕ್ಯಾನಿಕ್ ಹೊಸ ಶಾಫ್ಟ್ ಹಾಕಿದ. ಅಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ನಂಬಿದೆ.

ಹದಿನೈದು ದಿನದ ಹಿಂದೆ ಮತ್ತೆ ಮಳೆ ಬಂತು. ಈಗ ನನ್ನ ಹತ್ತಿರ ಕಲಿಯುತ್ತಿರುವವರಲ್ಲಿ ಎಪ್ಪತ್ತೊಂದು ವರ್ಷದ ಗಣಿತದ ಮೇಷ್ಟ್ರೊಬ್ಬರಿದ್ದಾರೆ, ಗೇರಿನ ನಂಬರನ್ನು ಗಟ್ಟಿಯಾಗಿ ಹೇಳಿಯೇ ಹಾಕುತ್ತಾರೆ. ಅದೇ ಏರಿನಲ್ಲಿ ಅವರನ್ನು ಪಕ್ಕಕ್ಕೆ ಕೂರಿಸಿ, ‘ನೋಡಿ ಮೇಷ್ಟ್ರೇ, ಬೆಣ್ಣೆ ತೆಗೆದ ಹಾಗೆ ಎಬ್ಬಿಸ್ಬೇಕು’ ಎಂದು ಕ್ಲಚ್ ಬಿಟ್ಟೆ. ದಡದಡದಡ! ಸ್ಟಿಯರಿಂಗ್ ಕೈಯಲ್ಲೇ ನಡುಗಿತು. ಆಕ್ಸಿಲರೇಟರಿನಿಂದ ಕಾಲು ತೆಗೆದ ತಕ್ಷಣ ನಿಂತಿತು. ಇನ್ನೂ ಹಗುರವಾಗಿ ಬಿಟ್ಟೆ, ಮತ್ತೆ ಅದೇ ಕುಣಿತ. ಮೇಷ್ಟ್ರು ಬಹಳ ವಿನಯದಿಂದ, ‘ಮೇಡಂ, ಇದೂ ಸಿಲಬಸ್ಸಿನಲ್ಲಿದೆಯಾ?’ ಎಂದು ಕೇಳಿದರು. ಮೂವತ್ತೊಂದು ವರ್ಷ ಕಲಿಸಿದ ಕಾಲು ಕಣೇ ಇದು. ನಗು ಬರಲಿಲ್ಲ. ನೀನು ಇದೇ ಸೀಟಿನಲ್ಲಿ ಕುಳಿತು ಇದನ್ನೇ ಅನುಭವಿಸಿ, ನಿಜ ಹೇಳಿ, ಬೈಸಿಕೊಂಡು ಹೋದವಳು ಎಂಬುದು ಆಗ ಹೊಳೆಯಿತು.

ನೇರ ಮೆಕ್ಯಾನಿಕ್ ಹತ್ತಿರ ಹೋದೆ. ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅಂಗಡಿಯೆಲ್ಲ ಹುಡುಕುತ್ತಾನಲ್ಲ, ಅವನೇ. ಮುರಿದ ಶಾಫ್ಟ್ ಬರೀ ಪರಿಣಾಮ, ಕಾರಣ ಒಳಗೇ ಉಳಿದಿದೆ ಎಂದ. ನನಗೆ ಅರ್ಥವಾಗಲೆಂದು ಬಿಲ್ ಪುಸ್ತಕದ ಪಕ್ಕದಲ್ಲಿದ್ದ ಪೆನ್ಸಿಲ್ ರಬ್ಬರನ್ನು ಮೇಜಿನ ಮೇಲೆ ಒತ್ತಿ ಮುಂದಕ್ಕೆ ತಳ್ಳಿದ. ಅದು ಜಾರುವ ಬದಲು ಹಿಡಿದು, ಬಾಗಿ, ಬಿಟ್ಟು, ಮತ್ತೆ ಹಿಡಿದು ಟಕಟಕ ಹಾರುತ್ತಾ ಹೋಯಿತು. ಚಕ್ರವೂ ಹೀಗೇ, ಟೈರು ರಸ್ತೆಯನ್ನು ಹಿಡಿಯುತ್ತೆ, ಅದರ ಹಿಂದೆ ಚಕ್ರವನ್ನ ಅಲುಗದ ಹಾಗೆ ಹಿಡಿದಿರೋ ರಬ್ಬರ್ ಬುಷ್ ಸಡಿಲ ಇದ್ರೆ ಚಕ್ರವೇ ಹಿಂದೆ ಮುಂದೆ ತಿರುಚಿಕೊಳ್ಳುತ್ತೆ, ಟೈರು ಜಾರಿದ ಕೂಡಲೇ ಸ್ಪ್ರಿಂಗ್ ಬಿಚ್ಚಿದ ಹಾಗೆ ಪಟ್ ಅಂತ ವಾಪಸ್ ಬರುತ್ತೆ, ಒಂದು ಸೆಕೆಂಡಿಗೆ ಹತ್ತು ಸಲ ಹೀಗಾದ್ರೆ ಯಾವ ಶಾಫ್ಟ್ ತಾನೇ ತಡೆಯುತ್ತೆ ಮೇಡಂ, ಎಂದ.

ಒಂದೇ ದಿನದಲ್ಲಿ ಗುಣವಾಗುವ ಕಾಯಿಲೆ ಅದಾಗಿರಲಿಲ್ಲ. ಮೊದಲು ಇಂಜಿನ್ ಕೂರುವ ಮೌಂಟಿಂಗ್ ನೋಡಿದ, ಅದರ ರಬ್ಬರ್ ಹರಿದಿತ್ತು. ಬದಲಿಸಿದ. ಸಪಾಟು ರಸ್ತೆಯಲ್ಲಿ ಗಾಡಿ ಸಾಧುವಾಯಿತು, ಏರಿಗೆ ಒಯ್ದರೆ ಹಳೇ ಚಾಳಿ. ಮಾರನೇ ದಿನ ಗಾಡಿಯನ್ನು ಮೇಲೆತ್ತಿ, ಎಡ ಚಕ್ರವನ್ನು ಹಿಡಿದಿರುವ ಕೆಳಗಿನ ಕಬ್ಬಿಣದ ತೋಳಿಗೆ ಹಾರೆ ಕೊಟ್ಟು ಮೀಟಿದ. ಹೆಬ್ಬೆರಳಿನ ಅಗಲ ಅಲುಗಾಡಿತು! ಬುಷ್ ಒಣಗಿದ ನೆಲದ ಹಾಗೆ ಬಿರುಕು ಬಿಟ್ಟಿತ್ತು. ಎರಡೂ ಕಡೆ ಹೊಸದು ಹಾಕಿದ, ಎಣ್ಣೆ ಸೋರುತ್ತಿದ್ದ ಶಾಕ್ ಅಬ್ಸಾರ್ಬರನ್ನೂ ಬದಲಿಸಿದ. ಮುಕ್ಕಾಲು ಪಾಲು ಸರಿಯಾಯಿತು. ಆದರೆ ಒದ್ದೆ ಏರಿನಲ್ಲಿ ಸ್ವಲ್ಪ ತಿರುಗಿಸಿ ಎಬ್ಬಿಸಿದರೆ ಇನ್ನೂ ಎರಡು ಸಲ ಕುಪ್ಪಳಿಸುತ್ತಿತ್ತು. ‘ಹಳೇ ಗಾಡಿ, ಇಷ್ಟು ಇದ್ದೇ ಇರುತ್ತೆ ಬಿಡಿ’ ಎಂದ ಮೆಕ್ಯಾನಿಕ್. ನಾನೂ ಬಿಡುತ್ತಿದ್ದೆನೋ ಏನೋ.

ಗಾಜು ಒರೆಸುವ ಬಟ್ಟೆಗಾಗಿ ಡ್ಯಾಶ್‌ಬೋರ್ಡಿನ ಖಾನೆಗೆ ಕೈ ಹಾಕಿದಾಗ ನಿನ್ನ ಪಾಠದ ಪುಸ್ತಕ ಸಿಕ್ಕಿತು. ಯಾರಿಗೆ ಯಾವ ದಿನ ಏನು ಕಲಿಸಿದೆ ಎಂದು ಬರೆಯುತ್ತಿದ್ದೆಯಲ್ಲ, ಆ ನೀಲಿ ಪುಸ್ತಕ. ನಾನು ಅದನ್ನು ಯಾವತ್ತೂ ತೆರೆದವಳಲ್ಲ. ಅಂಚಿನಲ್ಲಿ ನಿನ್ನ ಸಣ್ಣ ಅಕ್ಷರ. ‘ಒದ್ದೆ ಏರು, ಮೊದಲ ಗೇರು, ಎಡ ಚಕ್ರ ಹಾರಿತು. ಆಕ್ಸಿಲರೇಟರ್ ಬಿಟ್ಟರೆ ನಿಲ್ಲುತ್ತದೆ.’ ‘ಒಣ ರಸ್ತೆ, ಇಲ್ಲ.’ ‘ಬಲಕ್ಕೆ ತಿರುಗಿಸಿದಾಗ ಹೆಚ್ಚು.’ ಹೀಗೆ ಹನ್ನೊಂದು ಕಡೆ ಬರೆದಿದ್ದೆ. ಒಂದು ಪುಟದಲ್ಲಿ, ‘ಮುಂದಿನ ಟೈರು ಜೋಡಿ ಅಲ್ಲ. ಎಡದ್ದು ಬೇರೆ ಕಂಪನಿ, ಸವೆದಿದೆ. ಗಾಳಿಯೂ ಹೆಚ್ಚು. ಅತ್ತೆಗೆ ಹೇಳಬೇಕು.’ ಅದರ ಕೆಳಗೆ, ಬೇರೆ ಶಾಯಿಯಲ್ಲಿ, ‘ಅತ್ತೆಗೆ ಹೇಳಿದೆ.’ ಅಷ್ಟೇ. ನಾನೇನು ಉತ್ತರ ಕೊಟ್ಟೆ ಎಂದು ನೀನು ಬರೆದಿಲ್ಲ. ನನಗೆ ನೆನಪಿದೆ. ‘ಓಡಿಸೋಕೆ ಬರೋರಿಗೆ ಟೈರು ಯಾವುದಾದ್ರೇನು?’ ಎಂದಿದ್ದೆ.

ಅವತ್ತೇ ಒಂದೇ ತರದ ಎರಡು ಟೈರು ಹಾಕಿಸಿದೆ, ಗಾಳಿಯನ್ನೂ ಎಷ್ಟಿರಬೇಕೋ ಅಷ್ಟಕ್ಕೆ ಇಳಿಸಿದೆ. ಮಳೆಗೆ ಕಾಯುವ ತಾಳ್ಮೆ ಇರಲಿಲ್ಲ. ಕ್ಷೌರಿಕನಿಂದ ಎರಡು ಬಕೆಟ್ ನೀರು ಇಸಕೊಂಡು ಏರಿಗೆ ಸುರಿಸಿದೆ. ಐದು ಸಲ ಎಬ್ಬಿಸಿದೆ, ನೆಟ್ಟಗೆ, ಎಡಕ್ಕೆ, ಬಲಕ್ಕೆ. ಒಂದು ಅಲುಗಾಟವಿಲ್ಲ. ಆರನೇ ಸಲ ಬೇಕೆಂದೇ ಒರಟಾಗಿ ಕ್ಲಚ್ ಬಿಟ್ಟೆ. ಚಕ್ರ ಒಂದಿಷ್ಟು ಜಾರಿತು, ಹಾರಲಿಲ್ಲ. ಮೆಕ್ಯಾನಿಕ್ ಹಣೆಯ ಮೇಲಿನ ಕನ್ನಡಕ ಇಳಿಸಿಕೊಂಡು ನಿನ್ನ ಪುಸ್ತಕ ಪೂರ್ತಿ ಓದಿ, ‘ಇವರು ನಮ್ಮ ಅಂಗಡೀಲಿ ಇರಬೇಕಿತ್ತು’ ಎಂದ. ಅವನ ಕಣ್ಣು ನಿನ್ನ ಮೇಲೆ ಬಿದ್ದಿದೆ, ಹುಷಾರು.

ಆ ಸಂಜೆ ಇದನ್ನೆಲ್ಲ ನಿನ್ನ ಗಂಡನಿಗೆ ಸಂಭ್ರಮದಿಂದ ಹೇಳಿದೆ. ಅವನು ನಗಲಿಲ್ಲ. ನೀನು ಡಿಪೋದಲ್ಲಿ ಬರೀ ಬೋರ್ಡಿನ ಪಾಠ ಮಾಡುತ್ತೀಯ, ಸ್ಟಿಯರಿಂಗ್ ಮುಂದೆ ಕೂರಲು ಒಪ್ಪುತ್ತಿಲ್ಲ ಎಂದ. ‘ನನ್ನ ಕಾಲ್ಮೇಲೆ ನನಗೇ ನಂಬಿಕೆ ಇಲ್ಲ’ ಎಂದೆಯಂತೆ. ತಟ್ಟೆ ಸರಿಸಿ ಎದ್ದುಬಿಟ್ಟೆ ಕಣೇ. ಹತ್ತೊಂಬತ್ತನೇ ವಯಸ್ಸಿನಲ್ಲಿ ನನ್ನ ಹತ್ತಿರ ಕಲಿಯಲು ಬಂದವಳು ನೀನು, ಸೊಸೆಯಾದದ್ದು ಆಮೇಲೆ. ಎರಡನೇ ದಿನವೇ ಕ್ಲಚ್ ಕಚ್ಚುವ ಜಾಗವನ್ನು ಬರಿಗಾಲಿನಲ್ಲಿ ಕಂಡುಹಿಡಿದಿದ್ದೆ. ಅಂಥ ಕಾಲನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ. ಇದನ್ನು ನಿನಗೆ ಒಮ್ಮೆಯೂ ಹೇಳಿರಲಿಲ್ಲ, ಹೇಳಿದರೆ ತಲೆಗೇರುತ್ತದೆ ಎಂದು.

ಮೇಷ್ಟ್ರು ಬರುವ ಹೊತ್ತಾಯಿತು, ನಿಲ್ಲಿಸುತ್ತೇನೆ. ಆರೋಗ್ಯ ನೋಡಿಕೋ, ಬೆಚ್ಚಗಿರು. ನಿನ್ನ ಕ್ವಾರ್ಟರ್ಸಿನ ಪಕ್ಕದ ಮನೆಯಾಕೆಗೆ ನನ್ನ ನಮಸ್ಕಾರ ತಿಳಿಸು, ಜ್ವರದಲ್ಲಿ ನಿನಗೆ ಗಂಜಿ ಮಾಡಿಕೊಟ್ಟವರಲ್ಲವೇ. ನೂರು ಕಾಲ ಚೆನ್ನಾಗಿ ಬಾಳು.

ನಿನ್ನನ್ನು ನೆನೆಯುತ್ತಿರುವ,
ಅತ್ತೆ

ಮರೆತೆ: ಮೇಲೆ ಓದಿ ನೋಡಿದರೆ ಬುಷ್ಷಿನದು ತಪ್ಪು, ಟೈರಿನದು ತಪ್ಪು ಎಂದೇ ತುಂಬಿಸಿದ್ದೇನೆ. ತಪ್ಪು ನನ್ನದು. ಅವತ್ತು ನಿಂತಿದ್ದ ಆ ಮೂವರನ್ನೂ ನಿನ್ನೆ ಶಾಲೆಗೆ ಕರೆಸಿ, ನಿನ್ನ ಪುಸ್ತಕ ತೋರಿಸಿ, ‘ನನ್ನ ಸೊಸೆ ಹೇಳಿದ್ದೇ ಸರಿ, ನಾನು ಅವಳಿಗೆ ಸುಮ್ಮನೆ ಅವಮಾನ ಮಾಡಿದೆ’ ಎಂದು ಹೇಳಿದ್ದೇನೆ. ನಿನಗೂ ಹೇಳುತ್ತಿದ್ದೇನೆ, ಕ್ಷಮಿಸು. ಇಲ್ಲಿಗೆ ಬಾ ಎಂದು ಒತ್ತಾಯಿಸುವುದಿಲ್ಲ, ಅದು ನಿನ್ನಿಷ್ಟ. ಆದರೆ ಈ ಕಾಗದ ಕೈಸೇರಿದ ದಿನ, ಬೋರ್ಡಿನ ಪಾಠಕ್ಕೆ ಹೋಗುವ ಮುಂಚೆ, ಅಂಗಳದಲ್ಲಿ ನಿಂತಿರುವ ಯಾವುದಾದರೂ ಒಂದು ಬಸ್ಸು ಹತ್ತು. ಡ್ರೈವರ್ ಕಡೆಯ ಬಾಗಿಲಿನಿಂದ ಹತ್ತು.